ಮಗು ಕೇಳಿದ್ದು ಒಂದು, ಕೌನ್ಸೆಲರ್ ಕೇಳಿಸಿಕೊಂಡದ್ದು ಇನ್ನೊಂದು?

ಯುಕೆಜಿ ಅಮ್ಮ: ಹುಡುಗ ಹುಡುಗಿ ಮೈ ಯಾಕೆ ಬೇರೆ ಬೇರೆ ಅಂತ ಮಗ ಕ್ಲಾಸಿನಲ್ಲಿ ಕೇಳಿದನಂತೆ. ಶಾಲೆಯ ಕೌನ್ಸೆಲರ್ ನಮ್ಮನ್ನು ಕರೆಸಿ, ಮನೆಯಲ್ಲಿ ಮೊಬೈಲಲ್ಲಿ ಏನು ನೋಡುತ್ತಾನೆ ಅಂದರು. ಐದು ವರ್ಷದ ಮಗು ಹೀಗೆ ಕೇಳುವುದು ಮಾಮೂಲಿ ಅಲ್ವಾ?

ಆಪ್ತಸಲಹೆಗಾರ್ತಿ: ಮಾಮೂಲಿಯೇ. ಆದರೆ ಅವರ ಕಷ್ಟವನ್ನೂ ನೋಡಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ಗೊತ್ತಾದರೆ ತಿಳಿಸಲೇಬೇಕು ಅನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ತಿಳಿಸದಿದ್ದರೆ ಶಿಕ್ಷೆ. ಏನೂ ಕೇಳದೆ ಬಿಟ್ಟು, ನಾಳೆ ಏನಾದರೂ ಹೊರಬಿದ್ದರೆ ಬೈಸಿಕೊಳ್ಳುವವರು ನಾವೇ.

ನಿವೃತ್ತ ಮೇಷ್ಟ್ರು: ಕೇಳಲಿ. ಉತ್ತರ ಮೊದಲೇ ತೀರ್ಮಾನಿಸಿಕೊಂಡು ಕೇಳಬಾರದು ಅಷ್ಟೆ. ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಕೇಸು ನೆನಪಿಸಿಕೊಳ್ಳಿ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಎಂಬ ಒಂದು ದೂರಿನಿಂದ 1983ರಲ್ಲಿ ಶುರುವಾಯಿತು. ನೂರಾರು ಮಕ್ಕಳನ್ನು ಕೂರಿಸಿ, ಕೈಗೆ ಬೊಂಬೆ ಕೊಟ್ಟು, ಬೇರೆಯವರೆಲ್ಲ ಹೇಳಿಯಾಯಿತು ಎಂದು ಪುಸಲಾಯಿಸಿದರು. ಹೌದು ಅಂದವರಿಗೆ ಶಭಾಷ್. ಇಲ್ಲ ಅಂದವರಿಗೆ ಮತ್ತೆ ಅದೇ ಪ್ರಶ್ನೆ. ಕೊನೆಗೆ ಮಕ್ಕಳು ಶಾಲೆಯ ಕೆಳಗಿನ ಸುರಂಗದ ಕಥೆಯನ್ನೂ ಹೇಳಿದರು! 1990ರಲ್ಲಿ ಕೇಸು ಮುಗಿದಾಗ ಒಬ್ಬರಿಗೂ ಶಿಕ್ಷೆ ಆಗಲಿಲ್ಲ.

ಗದಗಿನವ: ಮೇಷ್ಟ್ರೇ, ಇದೊಂದು ಕೇಸು ಹಿಡಿದು ಮಕ್ಕಳ ಮಾತನ್ನೇ ನಂಬದವರು ಎಷ್ಟು ಜನ! 1896ರಲ್ಲಿ, ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ತನ್ನ ರೋಗಿಗಳಿಗೆ ಬಾಲ್ಯದಲ್ಲಿ ದೌರ್ಜನ್ಯ ಆಗಿತ್ತು ಅಂದ. ಮರುವರ್ಷವೇ ಅದರಿಂದ ಹಿಂದೆ ಸರಿದ. ಆಮೇಲೆ ಎಷ್ಟೋ ವೈದ್ಯರು ಅಂಥ ಮಾತನ್ನು ಕಲ್ಪನೆ ಅಂತ ತಳ್ಳಿಹಾಕಿದರು. ನಮ್ಮಲ್ಲಿ ಕೇಂದ್ರ ಸರ್ಕಾರ 2007ರಲ್ಲಿ 13 ರಾಜ್ಯಗಳ ಅಧ್ಯಯನ ಹೊರತಂದಿತು. ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಹೇಳಿಕೊಂಡಿದ್ದರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಡುಮಕ್ಕಳು. ಆದರೂ ಹುಡುಗಿ ಮಂಕಾದರೆ ಅನುಮಾನ, ಹುಡುಗ ಮಂಕಾದರೆ 'ವಯಸ್ಸು, ಸರಿಹೋಗ್ತಾನೆ'.

ಆಪ್ತಸಲಹೆಗಾರ್ತಿ: ಗಂಡುಮಕ್ಕಳ ವಿಷಯ ನಿಜ. ನಾನೇ ನೋಡಿದ್ದೇನೆ. ಇನ್ನೊಂದು ಹೇಳಲಾ? ಅದೇ 2007ರಲ್ಲಿ, ಶಾಲೆಯಲ್ಲಿ ದೇಹ, ಲೈಂಗಿಕತೆಯ ಬಗ್ಗೆ ಹೇಳಿಕೊಡುವ ಹದಿಹರೆಯದ ಶಿಕ್ಷಣ ಬೇಡ ಅಂದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಶಾಲೆಯಲ್ಲಿದ್ದವರೇ ಈಗ ಕೌನ್ಸೆಲರ್‌ಗಳು. ಈ ವಿಷಯ ಅವರಿಗೆ ಯಾರು ಹೇಳಿಕೊಟ್ಟರು?

ನಿವೃತ್ತ ಮೇಷ್ಟ್ರು: ಯಾರೂ ಹೇಳಿಕೊಡದಿದ್ದರೆ ಕಲಿಯಬಾರದೇ? 2021ರಲ್ಲಿ ಮದ್ರಾಸ್ ಹೈಕೋರ್ಟಿಗೆ ಇಬ್ಬರು ಯುವತಿಯರ ಪ್ರೀತಿಯ ಪ್ರಕರಣ ಬಂತು. ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಈ ವಿಷಯ ತಮಗೆ ಸರಿಯಾಗಿ ಗೊತ್ತಿಲ್ಲ ಎಂದು ಮನಶ್ಶಾಸ್ತ್ರಜ್ಞೆಯ ಮುಂದೆ ತಾವೇ ಹೋಗಿ ಕೂತರು. ಆಮೇಲೆ ತೀರ್ಪು ಬರೆದರು.

ಗದಗಿನವ: ಅದರ ಫಲವಾಗಿಯೇ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸಲಿಂಗಿಗಳನ್ನು 'ಬದಲಾಯಿಸುವ' ಚಿಕಿತ್ಸೆ ವೃತ್ತಿ ದುರ್ನಡತೆ ಅಂದಿತು. ಅದು ಡಾಕ್ಟರ್‌ಗಳಿಗೆ. ಹೈಸ್ಕೂಲ್ ಹುಡುಗನಿಗೆ 'ಇದೆಲ್ಲ ಸಹವಾಸ ದೋಷ' ಅನ್ನುವ ಕೌನ್ಸೆಲರನ್ನು ಯಾರು ಕೇಳುತ್ತಾರೆ?

ಯುಕೆಜಿ ಅಮ್ಮ: ಚರ್ಚೆ ದೊಡ್ಡದಾಯಿತು. ಸೋಮವಾರ ಮತ್ತೆ ಕರೆದಿದ್ದಾರೆ. ಅವನು ಕೇಳಿದ್ದಕ್ಕೆ ಟೀಚರ್ ಏನು ಉತ್ತರ ಕೊಟ್ಟರು ಅಂತ ಈ ಸಲ ನಾನೇ ಕೇಳುತ್ತೇನೆ.