ಸಹಾಯ ಬೇಕು: ಮಗನ ಸ್ಪೀಚ್ ಥೆರಪಿಗೆ ಇನ್ಶೂರೆನ್ಸ್ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆ ನವನಗರದವರು. ಮಗನಿಗೆ ನಾಲ್ಕು ವರ್ಷ, ಆಟಿಸಂ ಇದೆ. ನೀರು ಬೇಕಾದರೆ ಇನ್ನೂ ನನ್ನ ಕೈ ಹಿಡಿದು ಕೊಡದ ಹತ್ತಿರ ಎಳೆದುಕೊಂಡು ಹೋಗುತ್ತಾನೆ, ಹೋದ ವಾರ ಒಮ್ಮೆ 'ನೀ' ಅಂದ, ಅಷ್ಟಕ್ಕೇ ಅವರಜ್ಜಿ ಓಣಿಗೆಲ್ಲ ಸಕ್ಕರೆ ಹಂಚಿದರು. ಈಗ ಥೆರಪಿ ನಿಲ್ಲಿಸೋ ಹಾಗಿಲ್ಲ. ಆದರೆ ನಮ್ಮ ಇನ್ಶೂರೆನ್ಸ್‌ನವರು 24 ಗಂಟೆ ಅಡ್ಮಿಟ್ ಆಗಿಲ್ಲ ಅಂತ ಎರಡು ಸಲ ಕ್ಲೇಮ್ ವಾಪಸ್ ಕಳಿಸಿದರು. ಮಾತು ಕಲಿಯೋಕೆ ಯಾರು ಅಡ್ಮಿಟ್ ಆಗ್ತಾರೆ ಹೇಳಿ? ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ 1 ಲಕ್ಷದವರೆಗೆ ಇದೆ, ಅಡ್ಮಿಟ್ ಆಗದಿದ್ದರೂ ಥೆರಪಿ ಖರ್ಚು ಕೊಡುತ್ತಾರೆ. ಮಗನ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೈಯಲ್ಲಿದೆ. ಈ ಕಡೆ ಯಾರಾದರೂ ನಿರಾಮಯ ಮಾಡಿಸಿದ್ದೀರಾ? ಥೆರಪಿಸ್ಟ್ ಬಿಲ್ ಹೇಗಿರಬೇಕು, ಡಾಕ್ಟರ್ ಚೀಟಿ ಪ್ರತಿ ತಿಂಗಳೂ ಬೇಕಾ? ಗೊತ್ತಿದ್ದವರು ಸ್ವಲ್ಪ ತಿಳಿಸಿ.