ಪದಚರ್ಚೆ: ‘ಉತ್ಕರ್ಷಿತ ಕೊಬ್ಬು’ ಬಿಟ್ಟು ಬೇರೆ ಪದ ಬೇಕು

ಬಲ್ಲವರಿಗೆ ನಮಸ್ಕಾರ.
ಕಣ್ಣಿನ ರೋಗಿಗಳಿಗೆ ಹಂಚುವ ಕರಪತ್ರ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ‘ಉತ್ಕರ್ಷಿತ ಕೊಬ್ಬಿನಿಂದ ಅಕ್ಷಿಪಟಲದಡಿ ಅಸಹಜ ರಕ್ತನಾಳಗಳು ಬೆಳೆಯುತ್ತವೆ’ ಎಂದು ಬರೆದೆ. ಆಮ್ಲಜನಕ ಸೇರಿ ಕೆಟ್ಟ (ಆಕ್ಸಿಡೈಸ್ ಆದ) ಕೊಬ್ಬು ಎಂಬುದು ನನ್ನ ಅರ್ಥ; ಅಕ್ಷಿಪಟಲ ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ. ಅಮ್ಮನಿಗೆ ಓದಿಸಿದೆ. ‘ಕೊಬ್ಬು ಜಾಸ್ತಿಯಾದರೆ ಅಂತ ತಾನೇ?’ ಅಂದರು. ಏನು ಮಾಡಲಿ?

---

ನಿಮ್ಮ ತಾಯಿಯವರು ಓದಿಕೊಂಡದ್ದೇ ಸರಿ. ಉತ್ಕರ್ಷ ಅಂದರೆ ಏಳಿಗೆ, ಹೆಚ್ಚಳ. ಆಮ್ಲಜನಕದ ಸುಳಿವೂ ಅದರಲ್ಲಿಲ್ಲ. ಶಾಲೆಯ ಪಠ್ಯದಲ್ಲೇ ‘ಕಮಟುವಿಕೆ’ ಇದೆಯಲ್ಲ! ‘ಕಮಟಿದ ಕೊಬ್ಬು’ ಅನ್ನಿ. ಹಳೇ ಎಣ್ಣೆಡಬ್ಬಿಯ ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯುತ್ತದಲ್ಲ, ಆ ಕೆಡುವಿಕೆಯೇ ಕಣ್ಣೊಳಗೂ ನಡೆಯುವುದು. ಬೆಳಕು ಹಿಡಿಯುವ ಕೋಶಗಳ ಪೊರೆಯಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ತುಂಬಿದೆ. ಅದರ ಒಂದೊಂದು ಅಣುವಿಗೂ 6 ಜೋಡಿಬಂಧ; ಅವು ಹೆಚ್ಚಿದಷ್ಟೂ ಆಮ್ಲಜನಕ ಬೇಗ ತಗಲುತ್ತದೆ. ಮುಂದಿನಿಂದ ಬೆಳಕು, ಹಿಂದಿನಿಂದ ಆಮ್ಲಜನಕ ಹೊತ್ತ ನೆತ್ತರು. ಕಮಟದೆ ಇರುತ್ತದೆಯೇ?

---

ಒಪ್ಪಲಾರೆ. ಕಮಟು ವಾಸನೆಯ ಹೆಸರು, ಕ್ರಿಯೆಯದಲ್ಲ. ‘ಆಕ್ಸಿಡೈಸ್ ಆದ ಕೊಬ್ಬು’ ಅಂತಲೇ ಬರೆಯಿರಿ. ‘ಆಮ್ಲಜನಕ’ (ಆಮ್ಲ ಹುಟ್ಟಿಸುವುದು) ಎಂಬ ಪದವೂ ಎರವಲೇ, ಅದರಲ್ಲೂ ತಪ್ಪು ತಿಳಿವಳಿಕೆಯ ಎರವಲು. ಆಮ್ಲಗಳಿಗೆಲ್ಲ ಇದೇ ಮೂಲವೆಂದು, ‘ಆಕ್ಸಿಜನ್’ ಹೆಸರಿಟ್ಟ ರಸಾಯನಶಾಸ್ತ್ರಜ್ಞ ಲವಾಸಿಯೆ ನಂಬಿದ್ದ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ. ಸಂಸ್ಕೃತ ಉಡಿಸಿದರೆ ಎರವಲು ನಮ್ಮದಾಯಿತೇ?

‘ಅಸಹಜ’ ಮಾತ್ರ ಬಿಡಬೇಡಿ. ಸಹ-ಜ, ಕೂಡೆ ಹುಟ್ಟಿದ್ದು. ಈ ನಾಳಗಳು ಕಣ್ಣಿನ ಕೂಡೆ ಹುಟ್ಟಿದವಲ್ಲ, ಆಮೇಲೆ ಬಂದವು.

---

ರೋಗಿ ವ್ಯುತ್ಪತ್ತಿ ಬಿಡಿಸಿ ಓದುವುದಿಲ್ಲ ಸರ್. ಮೂಲವಾಕ್ಯವೇ ಅವಸರದ್ದು. ಕೊಬ್ಬು ನೇರವಾಗಿ ನಾಳ ಬೆಳೆಸದು. ಕಮಟಿದ ಕೊಬ್ಬು ಉರಿಯೂತ ಎಬ್ಬಿಸುತ್ತದೆ, ಕೋಶಗಳು ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸುತ್ತವೆ, ಆಗ ಅಕ್ಷಿಪಟಲದ ಹಿಂದಿನ ಪದರದ ನಾಳಗಳು ಕವಲೊಡೆದು, ನಡುವೆ ಇರುವ ಬ್ರೂಕ್ ಪೊರೆಯನ್ನು ತೂರಿ ಬರುತ್ತವೆ. ಗೋಡೆ ಗಟ್ಟಿಯಿಲ್ಲದೆ ಸೋರುತ್ತವೆ. ನೆಟ್ಟಗಿನ ಗೆರೆ ಸೊಟ್ಟಗೆ ಕಾಣುತ್ತದೆ. ‘ಸೋರುವ ಕವಲುನಾಳ’ ಸಾಕು.

---

ಕವಲುನಾಳ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಸಲ್ಲದು.

---

ದಿನಗೂಲಿ ಸಲ್ಲುತ್ತದೆಯೇ? ‘ಶಬ್ದಮಣಿದರ್ಪಣ’ ಬರೆದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ಬಾಗಿಲು ತೆರೆದಿದ್ದಾನೆ. ಕಣ್ಣು ಮಂಜಾದವರಿಗೆ ನಾವು ಮುಚ್ಚುವುದೇ?

---

ಎಲ್ಲರಿಗೂ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ: ‘ಅಕ್ಷಿಪಟಲದ ಹಿಂದೆ ಸೇರಿಕೊಂಡ ಕೊಬ್ಬು ಆಮ್ಲಜನಕ ತಗುಲಿ ಕಮಟಿದಾಗ, ಅಲ್ಲಿ ಸೋರುವ ಹೊಸ ನಾಳಗಳು ಕವಲೊಡೆಯಬಹುದು.’ ಸಮಾಸವನ್ನೇ ಬಿಡಿಸಿಬಿಟ್ಟೆ. ಚಿತ್ರದಲ್ಲಿ ‘ಡ್ರೂಸೆನ್’ (ಅಕ್ಷಿಪಟಲದಡಿ ಸೇರಿಕೊಳ್ಳುವ ಕೊಬ್ಬಿನ ಗಂಟುಗಳು) ಹಾಗೇ ಇದೆ; ಅದಕ್ಕೆ ದಯವಿಟ್ಟು ಪದ ಕಟ್ಟಬೇಡಿ, ರೋಗಿಗೆ ವರದಿಯಲ್ಲಿ ಕಾಣುವುದು ಆ ಹೆಸರೇ.