ರಥಬೀದಿಗೆ ಗಾಡಿ ಬಂದ್ ಮಾಡಿದರೆ ವ್ಯಾಪಾರ ಏನಾಗುತ್ತದೆ? ಅನುಭವ ಇದ್ದವರು ಹೇಳಿ

ಪಾತ್ರೆ ಅಂಗಡಿ, ಮಂಗಳೂರು: ನಮ್ಮದು ಮಂಗಳೂರು ರಥಬೀದಿಯಲ್ಲಿ ಅಪ್ಪನ ಕಾಲದ ಪಾತ್ರೆ ಅಂಗಡಿ. ಸಂಜೆ 4ರಿಂದ 9ರವರೆಗೆ ಬೀದಿಗೆ ಗಾಡಿ ಬಿಡುವುದು ಬೇಡ ಅಂತ ಕೆಲವು ಅಂಗಡಿಯವರು ಮನವಿ ಬರೆದಿದ್ದಾರೆ. ನನ್ನ ಸಹಿಯನ್ನೂ ಕೇಳುತ್ತಿದ್ದಾರೆ. ಮದುವೆ ಸೀಸನ್ನಿನಲ್ಲಿ ಕೊಪ್ಪರಿಗೆ, ಕಾಲುದೀಪ ತೆಗೆದುಕೊಂಡವರು ಅದನ್ನು ಹೊತ್ತು ಎಷ್ಟು ದೂರ ನಡೆದಾರು? ಬಂದ್ ಆದ ಬೀದಿಯಲ್ಲಿ ವ್ಯಾಪಾರ ಮಾಡಿದವರು ಇದ್ದರೆ ಹೇಳಿ.

ಉಡುಪಿ ಬಳೆ ಅಂಗಡಿ: ಧೈರ್ಯವಾಗಿ ಸಹಿ ಹಾಕಿ. ಉಡುಪಿ ರಥಬೀದಿಯಲ್ಲಿ ನಮ್ಮದು ಬಳೆ, ದೇವರ ಪಟದ ಅಂಗಡಿ. ಮೊದಲು ಕಾರು ನಮ್ಮ ಮೆಟ್ಟಿಲಿಗೆ ತಾಗಿಯೇ ನಿಲ್ಲುತ್ತಿತ್ತು, ಗಿರಾಕಿಗೆ ಒಳಗೆ ಬರಲು ದಾರಿ ಇರಲಿಲ್ಲ. ಗಾಡಿ ತಡೆದ ಮೇಲೆ ಕೃಷ್ಣ ಮಠಕ್ಕೆ ಬಂದವರು ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನ ಮುಗಿಸಿ ನಿಧಾನ ಅಂಗಡಿ ನೋಡುತ್ತಾ ಬರುತ್ತಾರೆ. ಮಗುವಿನ ಕೈ ಬಿಡಲು ಅಮ್ಮನಿಗೆ ಹೆದರಿಕೆ ಇಲ್ಲ. ಆ ಮಗು ಓಡಿ ಬಂದು ಬಳೆ ಮುಟ್ಟಿತು ಅಂದ್ರೆ ವ್ಯಾಪಾರ ಆಯಿತು ಅಂತಲೇ ಲೆಕ್ಕ.

ಖರ್ಚು ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. ಮಾಲನ್ನು ಬೆಳಿಗ್ಗೆ ಬೇಗ ಇಳಿಸಬೇಕು. ತಡವಾದರೆ ಕೈಗಾಡಿಯೇ ಗತಿ. ಪೆಟ್ಟಿಗೆಗೆ 30 ರೂಪಾಯಿ, ಮಳೆಗಾಲದಲ್ಲಿ 50. ಕುಲುಕಾಟಕ್ಕೆ ಗಾಜಿನ ಬಳೆ ಡಜನ್‌ಗಟ್ಟಲೆ ಒಡೆಯುತ್ತಿತ್ತು. ಬೈಹುಲ್ಲು ಜಾಸ್ತಿ ತುಂಬಿಸಿ ಕಟ್ಟಿಸಿದ ಮೇಲೆ ಕಡಿಮೆಯಾಯಿತು. ದೊಡ್ಡ ಫ್ರೇಮಿನ ಪಟ ಇಡುವುದನ್ನೇ ಬಿಟ್ಟೆವು. ಈಗ ಕೈಚೀಲದಲ್ಲಿ ಹಿಡಿಸುವಂಥದ್ದು ಮಾತ್ರ.

ಕಾರ್ಕಳದವ: ಎಲ್ಲರ ಕಥೆ ಹಾಗಲ್ಲ ಮಾರಾಯ್ರೇ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಹತ್ತಿರ ನನ್ನದು ಸಣ್ಣ ಹೋಟೆಲ್ ಇತ್ತು. 2020ರ ನವೆಂಬರ್‌ನಲ್ಲಿ ಶನಿವಾರ, ಭಾನುವಾರ ಆ ಬೀದಿಗೆ ಗಾಡಿ ಬಂದ್ ಮಾಡಿದರು. ಕೊರೋನಾದ ವರ್ಷ. ಒಳಗೆ ಕೂತು ತಿನ್ನಲು ಜನ ಹೆದರುತ್ತಿದ್ದರು, ಹೋಟೆಲ್ ನಡೆಯುತ್ತಿದ್ದದ್ದೇ ಪಾರ್ಸೆಲಿನಲ್ಲಿ. ಡೆಲಿವರಿ ಹುಡುಗರು ಬ್ರಿಗೇಡ್ ರೋಡಿನ ಬದಿಯಲ್ಲಿ ಬೈಕ್ ಬಿಟ್ಟು ನಡೆದು ಬರಬೇಕಿತ್ತು. ಅಷ್ಟರಲ್ಲಿ ನೀರುದೋಸೆ ತಣ್ಣಗಾಗಿ ಒಂದಕ್ಕೊಂದು ಅಂಟಿ ಮುದ್ದೆ. ತಿಂದವರು ದುಡ್ಡು ವಾಪಸ್ ಕೇಳುತ್ತಿದ್ದರು. ಬೀದಿ ತುಂಬಾ ಜನ, ಆದರೆ ಎಲ್ಲರೂ ಫೋಟೋ ತೆಗೆಯಲು ಬಂದವರು. ಬಾಡಿಗೆ 85,000, ಇಬ್ಬರು ಹುಡುಗರ ಸಂಬಳ 32,000, ಗ್ಯಾಸ್ ಬೇರೆ. ಬಿಟ್ಟು ಬರುವಾಗ ಬಣ್ಣದ ಲೆಕ್ಕ ಹೇಳಿ ಅಡ್ವಾನ್ಸಿನಲ್ಲಿ 40,000 ಹಿಡಿದುಕೊಂಡರು. ಸಹಿ ಹಾಕಬೇಡಿ.

ಉಡುಪಿ ಬಳೆ ಅಂಗಡಿ: ಕೊರೋನಾದ ನಷ್ಟವನ್ನು ಬೀದಿಯ ತಲೆಗೆ ಕಟ್ಟುತ್ತೀರಲ್ಲ?

ಕಾರ್ಕಳದವ: ನಿಮಗೆ ಕೃಷ್ಣ ಇದ್ದಾನೆ, ಎರಡು ವರ್ಷಕ್ಕೊಮ್ಮೆ ಪೂಜೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉಂಟು. ಜನ ತನ್ನಷ್ಟಕ್ಕೆ ಬರುತ್ತದೆ. ಬಾಡಿಗೆ ಕಟ್ಟಿದವನಿಗೆ ಪಾಠ ಹೇಳಬೇಡಿ.

ಉಡುಪಿ ಬಳೆ ಅಂಗಡಿ: ಪರ್ಯಾಯದ ವರ್ಷ ಜನವರಿ 18ರಂದು ಬಂದು ನೋಡಿ. ಜೋಡುಕಟ್ಟೆಯಿಂದ ಬರುವ ಮೆರವಣಿಗೆ ನೋಡಲು ಜನ ನಮ್ಮ ಜಗಲಿ ಹತ್ತಿ ನಿಲ್ಲುತ್ತಾರೆ, ಗಾಜು ಉಳಿಸಲು ಶಟರ್ ಅರ್ಧ ಎಳೆಯಬೇಕು. ಅವತ್ತು ಒಂದು ಡಜನ್ ಬಳೆಯೂ ಹೋಗುವುದಿಲ್ಲ.

ಮಲ್ಲಿಗೆ ಅಕ್ಕ: ನಿಮ್ಮ ಜಗಳ ಆಮೇಲೆ. ನಾನು ಇದೇ ಮಂಗಳೂರು ರಥಬೀದಿಯಲ್ಲಿ ಹೂ ಮಾರುವವಳು. ನನ್ನ ಗಿರಾಕಿ ಸ್ಕೂಟರಿನಿಂದ ಇಳಿಯುವುದಿಲ್ಲ. ಒಂದು ಕಾಲು ನೆಲಕ್ಕೆ ಊರಿ "ಒಂದು ಚೆಂಡು ಮಲ್ಲಿಗೆ ಕೊಡಿ" ಅಂತಾರೆ, ಬಾಳೆಲೆಯ ಕಟ್ಟು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ ಹೋಗುತ್ತಾರೆ. ಅದೂ ಸಂಜೆ 5ರಿಂದ 7ರ ಒಳಗೆ. ನೀವು ಬಂದ್ ಮಾಡುವುದು ಅದೇ ಹೊತ್ತು! ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ಅಟ್ಟೆಗೆ, ಅಂದ್ರೆ ನಾಲ್ಕು ಚೆಂಡಿಗೆ, 2,100 ಆದ ದಿನವೂ ನಾನು ಕೈಯಿಂದ ದುಡ್ಡು ಹಾಕಿ ತಂದಿದ್ದೇನೆ. ಪಾತ್ರೆ ನಾಳೆ ಮಾರಬಹುದು. ಇದು ನಾಳೆಗೆ ಕಂದು ಆಗುತ್ತದೆ, ಕೇಳುವವರಿಲ್ಲ.

ಜವಳಿ ಏಜೆಂಟ್: ನಾನು ದೆಹಲಿಯಿಂದ ಬಟ್ಟೆ ತರಿಸುವವನು. ಚಾಂದನಿ ಚೌಕದಲ್ಲಿ ಕೆಂಪು ಕೋಟೆಯಿಂದ ಫತೇಪುರಿ ಮಸೀದಿವರೆಗೆ ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಮೋಟಾರು ಗಾಡಿ ಬಿಡುವುದಿಲ್ಲ. ಬೀದಿ ಹೊಸದಾಗಿ ಕಟ್ಟಿ 2021ರಲ್ಲಿ ಉದ್ಘಾಟನೆ ಮಾಡಿದರು. ಆಮೇಲೆ ನನ್ನ ಬಟ್ಟೆ ಮೂಟೆಗಳು ರಾತ್ರಿ ಹೊರಡುತ್ತವೆ. ಹಮಾಲಿ ಮೂಟೆಗೆ 80 ಇದ್ದದ್ದು 140 ಆಯಿತು. ಲಾರಿ ತಪ್ಪಿದರೆ ಗೋಡೌನಿನ ಬಾಡಿಗೆ ನನ್ನ ತಲೆಗೆ. ಆದರೂ ಅಲ್ಲಿ ಮದುವೆ ಸೀರೆಯ ಗಿರಾಕಿಯನ್ನು ಸೈಕಲ್ ರಿಕ್ಷಾ ಅಂಗಡಿ ಬಾಗಿಲಿಗೇ ತಂದು ಬಿಡುತ್ತದೆ. ನಮ್ಮ ಮಂಗಳೂರಿನಲ್ಲಿ ಅದಿಲ್ಲ. ಹಂಪನಕಟ್ಟೆಯ ಏರಿನಲ್ಲಿ ಎಳೆಯುವವರು ಯಾರು? ಅದನ್ನು ಹೇಳದೆ ಮನವಿ ಬರೆದರೆ ಏನು ಪ್ರಯೋಜನ?

ಕಾರ್ಕಳದವ: ನೋಡಿದಿರಾ, ಹಮಾಲಿ 140.

ಉಡುಪಿ ಬಳೆ ಅಂಗಡಿ: ಅಕ್ಕ, ಸ್ಕೂಟರ್‌ನವರು ಸ್ಕೂಟರ್ ಬದಿಗಿಟ್ಟು ನಡೆದು ಬಂದಾರು. ಶಂಕರಪುರ ಮಲ್ಲಿಗೆ ಬೇಕಾದವರು ಹುಡುಕಿಕೊಂಡು ಬರುತ್ತಾರೆ. ಮಂಗಳೂರಿನಲ್ಲಿ ನಮ್ಮೂರ ಹೂವಿಗೆ ಹೇಳುವ ರೇಟು ಕಂಡರೆ ಸಂಕಟ ಆಗುತ್ತದೆ ಅಷ್ಟೇ.

ಮಲ್ಲಿಗೆ ಅಕ್ಕ: ರೇಟು ನಾನು ಮಾಡುವುದಾ? ಅದು ನಿಮ್ಮ ಶಂಕರಪುರದ ಹೂವಿನ ಕಟ್ಟೆಯಲ್ಲೇ ದಿನಾ ನಿಗದಿ ಆಗುವುದು. ಅದರ ಮೇಲೆ ಬಸ್ಸಿನ ಲಗೇಜು, ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಆಟೋ. ಬೀದಿ ಬಂದ್ ಆದರೆ ಆ ಆಟೋ ಎಲ್ಲಿ ನಿಲ್ಲುತ್ತದೆ ಅಂತ ಮೊದಲು ಹೇಳಿ, ಆಮೇಲೆ ರೇಟಿನ ಮಾತು.